ಆರೋಗ್ಯ ಕ್ಷೇತ್ರದ ಉದ್ಯೋಗಗಳು: ವೈದ್ಯ ಪದವಿಯೊಂದೇ ದಾರಿಯಲ್ಲ

ಬೈಪಿಸಿ ಓದುವ ಮಕ್ಕಳಿರುವ ನಮ್ಮ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಒಂದೇ ಚಿಂತೆ: ನೀಟ್‌ನಲ್ಲಿ ಸೀಟು ದೊರೆಯುವುದೋ ಇಲ್ಲವೋ? ದೊರೆಯದಿದ್ದರೆ ಮತ್ತೊಂದು ವರ್ಷ ಕೋಚಿಂಗ್. ಎಂ.ಬಿ.ಬಿ.ಎಸ್. ಕೈತಪ್ಪಿದರೆ ಆರೋಗ್ಯ ಕ್ಷೇತ್ರದ ಬಾಗಿಲೇ ಮುಚ್ಚಿತೆಂದು ನಮ್ಮಲ್ಲಿ ಅನೇಕರು ಭಾವಿಸುತ್ತೇವೆ. ಇದು ಸರಿಯಲ್ಲ.

ಒಂದು ಶಸ್ತ್ರಚಿಕಿತ್ಸೆಯನ್ನೇ ಗಮನಿಸೋಣ. ರಕ್ತ ಪರೀಕ್ಷಿಸುವ ಲ್ಯಾಬ್ ತಂತ್ರಜ್ಞರು, ಸ್ಕ್ಯಾನ್ ತೆಗೆಯುವವರು, ಅರಿವಳಿಕೆ ಯಂತ್ರವನ್ನು ಸಜ್ಜುಗೊಳಿಸುವವರು, ಹಗಲಿರುಳು ಆರೈಕೆ ಮಾಡುವ ದಾದಿಯರು, ಮತ್ತೆ ನಡೆಯಲು ಕಲಿಸುವ ಫಿಸಿಯೋಥೆರಪಿಸ್ಟರು, ಹೀಗೆ ವೈದ್ಯರ ಹಿಂದೆ ಒಂದು ಪಡೆಯೇ ದುಡಿಯುತ್ತದೆ. ಇಂತಹ ಅನೇಕ ವೃತ್ತಿಗಳನ್ನು 10 ವರ್ಗಗಳಾಗಿ ಗುರುತಿಸಿ, ಶಿಕ್ಷಣ ಹಾಗೂ ನೋಂದಣಿಗೆ ವ್ಯವಸ್ಥೆ ಕಲ್ಪಿಸಲು ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ನರ್ಸಿಂಗ್ ಮತ್ತು ಫಾರ್ಮಸಿಗೆ ತಮ್ಮದೇ ಪರಿಷತ್ತುಗಳಿವೆ.

ಬಿ.ಎಸ್ಸಿ. ನರ್ಸಿಂಗ್ 4 ವರ್ಷ, ಜಿ.ಎನ್.ಎಂ. 3 ವರ್ಷ, ಡಿ.ಫಾರ್ಮ 2 ವರ್ಷ, ಬಿ.ಫಾರ್ಮ 4 ವರ್ಷ, ಫಾರ್ಮ.ಡಿ. 6 ವರ್ಷಗಳ ವ್ಯಾಸಂಗ. ಫಾರ್ಮಸಿಗೆ ನೀಟ್ ಬೇಕಿಲ್ಲ. ನಮ್ಮ ನಗರದ ಪಂಜಾಗುಟ್ಟದ ನಿಮ್ಸ್ ಸಂಸ್ಥೆಯಲ್ಲಿ ನರ್ಸಿಂಗ್ ಹಾಗೂ ಫಿಸಿಯೋಥೆರಪಿ ಕಲಿಯಬಹುದು. 1987ರಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯು ಪಿ.ಯು. ಮಟ್ಟದ ಶಿಕ್ಷಣ ಮುಗಿಸಿದವರನ್ನು ಒಂದು ವರ್ಷದ ತರಬೇತಿಯಿಂದ ದೃಷ್ಟಿ ತಂತ್ರಜ್ಞರನ್ನಾಗಿಸಿ, ಹಳ್ಳಿಗಳ ದೃಷ್ಟಿ ಕೇಂದ್ರಗಳ ಹೊಣೆ ವಹಿಸುತ್ತ ಬಂದಿದೆ.

ಈ ವೃತ್ತಿಗಳಲ್ಲಿ ಕಷ್ಟಗಳೂ ಇವೆ. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಅಲ್ಪ, ರಾತ್ರಿ ಪಾಳಿ ಅನಿವಾರ್ಯ. ಅನುಭವ ಮತ್ತು ಉನ್ನತ ವ್ಯಾಸಂಗದಿಂದ ಸ್ಥಾನಮಾನ ಏರುತ್ತದೆ. ವಿದೇಶದ ಆಸೆಯಿರುವ ದಾದಿಯರು ಅಮೆರಿಕಕ್ಕಾದರೆ ಎನ್‌ಕ್ಲೆಕ್ಸ್ ಪರೀಕ್ಷೆಗೆ, ಜರ್ಮನಿಗಾದರೆ ಜರ್ಮನ್ ಭಾಷೆಗೆ ಸಿದ್ಧರಾಗಬೇಕು. ಸೇರುವ ಮುನ್ನ ಕಾಲೇಜಿಗೆ ಸಂಬಂಧಪಟ್ಟ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ತಪ್ಪದೆ ವಿಚಾರಿಸಿ. ನೋಂದಣಿಯಾಗದ ಪ್ರಮಾಣಪತ್ರದಿಂದ ವರ್ಷಗಳೂ ಹಣವೂ ವ್ಯರ್ಥ.

ಹೊರನಾಡಿನಲ್ಲಿ ನೆಲೆಸಿದ ನಾವು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ತೆಲಂಗಾಣದ 2024ರ ನಿಯಮದಂತೆ, ವೈದ್ಯ ಮತ್ತು ದಂತವೈದ್ಯ ಸೀಟುಗಳಿಗೆ ಸ್ಥಳೀಯರೆನಿಸಲು ಅರ್ಹತಾ ಪರೀಕ್ಷೆಯವರೆಗಿನ 4 ವರ್ಷಗಳನ್ನು ಸಾಮಾನ್ಯವಾಗಿ ಇಲ್ಲಿಯೇ ಓದಿರಬೇಕು. ಸುಪ್ರೀಂ ಕೋರ್ಟ್ 2025ರಲ್ಲಿ ಇದನ್ನು ಎತ್ತಿಹಿಡಿಯಿತು. ಹತ್ತನೆಯ ತರಗತಿಯ ನಂತರ ಮಗುವನ್ನು ಪಿ.ಯು.ಸಿ.ಗೆಂದು ಊರಿಗೆ ಕಳುಹಿಸುವವರು ಇದನ್ನು ಮೊದಲೇ ಯೋಚಿಸಬೇಕು. ಅತ್ತ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ, ಷರತ್ತುಗಳಿಗೆ ಒಳಪಟ್ಟು, ಹೊರನಾಡು ಕನ್ನಡಿಗರಿಗೂ ಅವಕಾಶವಿತ್ತಿದೆ. ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಆಯಾ ವರ್ಷದ ಮಾಹಿತಿ ಪುಸ್ತಕವನ್ನು ಓದಿ ಮುಂದುವರಿಯುವುದು ಒಳಿತು.

ಮನೆಯಲ್ಲಿ ಕಲಿಸಿದ ಕನ್ನಡ ಪ್ರವೇಶಕ್ಕಷ್ಟೇ ಅಲ್ಲ, ಕೆಲಸಕ್ಕೂ ಒದಗುತ್ತದೆ. ಬೀದರ್, ಕಲಬುರಗಿ, ರಾಯಚೂರುಗಳಿಂದ ಚಿಕಿತ್ಸೆಗೆಂದು ಈ ನಗರಕ್ಕೆ ಬರುವವರು ಕಡಿಮೆಯೇನಲ್ಲ. ನೋವು ಎಲ್ಲಿದೆಯೆಂದು ಅವರ ಭಾಷೆಯಲ್ಲೇ ಕೇಳಬಲ್ಲ ದಾದಿ ಅಥವಾ ತಂತ್ರಜ್ಞ ಯಾವ ಆಸ್ಪತ್ರೆಗೂ ಬೇಕಾದವರೇ. ಮಕ್ಕಳ ಆಸಕ್ತಿಯನ್ನು ಅರಿತು, ಈ ದಾರಿಗಳನ್ನೂ ಅವರ ಮುಂದಿಡೋಣ.