ಹತ್ತು ಸಾವಿರ ಜನಕ್ಕೆ ವರ್ಷಕ್ಕೆ 8 ಗ್ರಾಂ

ವಯಸ್ಕರೊಬ್ಬರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬಿ12 ವಿಟಮಿನ್ ಬೇಕು ಎನ್ನುತ್ತದೆ ಐಸಿಎಂಆರ್‌ನ 2020ರ ಶಿಫಾರಸು. ಹೊನ್ನಾವರ ತಾಲ್ಲೂಕಿನ ಮಂಕಿಯಂಥ ಕರಾವಳಿ ಊರಿನ ಹತ್ತು ಸಾವಿರ ಜನರ ಲೆಕ್ಕ ಹಿಡಿದರೂ ವರ್ಷಕ್ಕೆ ಸುಮಾರು 8 ಗ್ರಾಂ, ಎರಡು ಚಮಚದಷ್ಟೂ ಇಲ್ಲ. ಆದರೆ ಅಷ್ಟನ್ನೂ ತಯಾರಿಸುವುದು ಬ್ಯಾಕ್ಟೀರಿಯಾ ಮತ್ತು ಅವುಗಳ ದೂರದ ಬಳಗವಾದ ಆರ್ಕಿಯಾ ಮಾತ್ರ. ಗಿಡಕ್ಕೂ ಮೀನಿಗೂ ಆಕಳಿಗೂ ನಮಗೂ ಆ ವಿದ್ಯೆ ಇಲ್ಲ.

ಒಂದು ಅಣು ಸಿದ್ಧವಾಗಲು ಸುಮಾರು 30 ಕಿಣ್ವಗಳು ದುಡಿಯಬೇಕು. ಪ್ರಯೋಗಾಲಯದಲ್ಲಿ ಈ ಅಣುವನ್ನು ಕಟ್ಟಿದ ರಸಾಯನವಿಜ್ಞಾನಿಗಳಾದ ವುಡ್‌ವರ್ಡ್ ಮತ್ತು ಎಶೆನ್‌ಮೋಸರ್ ಅವರ ತಂಡಗಳಲ್ಲಿ ನೂರರಷ್ಟು ಜನರಿದ್ದರು. ಕೆಲಸ ಮುಗಿಯಲು ದಶಕಕ್ಕೂ ಹೆಚ್ಚು ಹಿಡಿಯಿತು. ಇಂದಿಗೂ ಕಾರ್ಖಾನೆಗಳು ಬ್ಯಾಕ್ಟೀರಿಯಾವನ್ನೇ ನಂಬಿವೆ.

ಆ 30 ಕಿಣ್ವಗಳ ಸಾಲಿನಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಬ್ಲೂಬಿ ಎಂಬ ಕಿಣ್ವ. ಕುದುರೆಮೆಂತೆಯ ಬೇರುಗಂಟುಗಳಲ್ಲಿ ಬದುಕುವ ಸಿನೋರೈಜೋಬಿಯಂ ಮೆಲಿಲೋಟಿಯಲ್ಲಿ ಅದು ಮಾಡುವ ಕೆಲಸವನ್ನು 2007ರಲ್ಲಿ ಮಿಶಿಕೊ ಟಾಗಾ, ಗ್ರಹಾಂ ವಾಕರ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಬಿ12ರ ಕೆಳತುದಿಯಲ್ಲಿ ಡಿಎಂಬಿ ಎಂಬ ತುಣುಕಿದೆ. ಅದಕ್ಕಾಗಿ ಬ್ಲೂಬಿ ಇನ್ನೊಂದು ವಿಟಮಿನ್ ಬಿ2ರಿಂದಾದ ಎಫ್‌ಎಂಎನ್ ಅಣುವನ್ನೇ ಒಡೆಯುತ್ತದೆ. ಕಿಣ್ವದ ಗೂಡು ಬಹಳ ಇಕ್ಕಟ್ಟು: ಎಫ್‌ಎಂಎನ್ ಹಿಡಿಸುತ್ತದೆ, ಅದರ ಮೇಲೆ ಆಮ್ಲಜನಕದ ಒಂದು ಅಣುವಿಗೆ ಜಾಗವಿರುತ್ತದೆ. ಆ ಆಮ್ಲಜನಕದಿಂದಲೇ ಎಫ್‌ಎಂಎನ್ ತನ್ನನ್ನು ತಾನು ಮುರಿದುಕೊಳ್ಳುತ್ತದೆ. ಹೈಡ್ರೋಜನ್ ಬಿಟ್ಟು 31 ಪರಮಾಣುಗಳಲ್ಲಿ ಡಿಎಂಬಿಗೆ ದಕ್ಕುವುದು 11. ಒಂದು ಹಲಗೆಗಾಗಿ ದೋಣಿಯನ್ನೇ ಒಡೆದಂತೆ. ಊರಿನ ಆ 8 ಗ್ರಾಂ ಪೂರ್ತಿ ಈ ದಾರಿಯಲ್ಲೇ ತಯಾರಾದರೆ ಸುಮಾರು 2.2 ಗ್ರಾಂ ಬಿ2 ಬಲಿಯಾಗಬೇಕು. ಬಿ12ರ ನಡುವೆ ಕೂರುವ ಲೋಹ ಕೋಬಾಲ್ಟ್ ಮಾತ್ರ 0.35 ಗ್ರಾಂ ಸಾಕು.

ಆಮ್ಲಜನಕವಿಲ್ಲದ ಆಕಳ ಹೊಟ್ಟೆಯಲ್ಲಿ ಬ್ಲೂಬಿ ನಡೆಯದು. ಅಲ್ಲಿನ ಬ್ಯಾಕ್ಟೀರಿಯಾಗಳ ದಾರಿ ಬೇರೆ.

ತಟ್ಟೆಗೆ ಬಂದರೆ ಲೆಕ್ಕ ಸರಳ. ಅಟ್ಲಾಂಟಿಕ್ ಸಾಗರದ ಬಂಗಡೆಯಲ್ಲಿ 100 ಗ್ರಾಮಿಗೆ ಸುಮಾರು 8.7 ಮೈಕ್ರೋಗ್ರಾಂ ಬಿ12 ಇರುತ್ತದೆ. ಅಂದರೆ ದಿನದ ಪಾಲಿಗೆ 25 ಗ್ರಾಂ ಸಾಕು. ಹಾಲಿನಲ್ಲಿ 100 ಗ್ರಾಮಿಗೆ ಸುಮಾರು 0.45, ಹಾಗಾಗಿ ಅರ್ಧ ಲೀಟರ್ ಬೇಕು. ನೀರು ಬೆರೆಸಿದ ಮಜ್ಜಿಗೆಯನ್ನು ನೆಚ್ಚಿಕೊಂಡವರು ಇದನ್ನು ಗಮನಿಸಬೇಕು. ಉದ್ದು, ಶೇಂಗಾಗಳ ಬೇರುಗಂಟಿನಲ್ಲೂ ಸಿನೋರೈಜೋಬಿಯಂನ ಬಳಗದ ಬ್ಯಾಕ್ಟೀರಿಯಾಗಳಿವೆ, ಆದರೂ ಕಾಳಿನಲ್ಲಿ ಬಿ12 ಇಲ್ಲ. ಭಾನುವಾರ ಹೊಟ್ಟೆ ಬಿರಿಯೆ ಮೀನು ತಿಂದು ವಾರಕ್ಕಾಯಿತು ಎನ್ನುವುದೂ ತಪ್ಪು ಲೆಕ್ಕ, ಏಕೆಂದರೆ ಕರುಳು ಒಂದು ಊಟದಲ್ಲಿ ಹೀರುವುದು ಹೆಚ್ಚೆಂದರೆ 2 ಮೈಕ್ರೋಗ್ರಾಂ ಆಸುಪಾಸು.

ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಮೀನು, ಮೊಟ್ಟೆ ತಿನ್ನದವರು, ಹಾಲು ಬಿಟ್ಟವರು, ವಯಸ್ಸಾದವರು ಕೈಕಾಲು ಜೋಮು ಹಿಡಿಯುವವರೆಗೆ ಕಾಯದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮಿಲಿಲೀಟರಿಗೆ 200 ಪಿಕೋಗ್ರಾಮಿಗಿಂತ ಕಡಿಮೆ ಬಂದರೆ ವೈದ್ಯರನ್ನು ಕಾಣಿ.