ಇಂಚಿಗೆ ಇಪ್ಪತ್ತಾರು ಸುತ್ತು

ಹಾಲಿನವನು ಬಂದು ಹೋಗಿ, ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಎಳೆದಾಗಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ಬೈಕುಗಳು ಒಂದರ ಹಿಂದೊಂದು ಶಾಮನೂರು ರಸ್ತೆಯ ಕಡೆಗೆ ನುಗ್ಗುವ ಹೊತ್ತಿಗೆ, ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ತಗಡಿನ ಶೆಡ್ಡಿನ ಬಾಗಿಲು ಕಿರ್ರೆಂದು ತೆರೆದುಕೊಳ್ಳುತ್ತದೆ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಡೀಸೆಲ್ಲಿನಲ್ಲಿ ನೆನೆಸಿಟ್ಟ ಕಬ್ಬಿಣದ ವಾಸನೆ. ಆಮೇಲೆ ಹಳೆಯ ಗ್ರೀಸಿನದು, ಆಮೇಲೆ ಉಪ್ಪುಕಾಗದದಿಂದ ಈಗಷ್ಟೇ ಉಜ್ಜಿದ ಬಣ್ಣದ ಪುಡಿಯದು. ಗೋಡೆಗೆ ಆನಿಸಿದ ಹಲಗೆಯ ಮೇಲೆ ಸ್ಟೀಲಿನ ಊಟದ ತಟ್ಟೆಗಳು ಸಾಲಾಗಿ ಕೂತಿವೆ. ಒಂದರಲ್ಲಿ ನಟ್ಟು, ಒಂದರಲ್ಲಿ ವಾಶರು, ಇನ್ನೊಂದರಲ್ಲಿ ತಲೆ ಸವೆದ ಬೋಲ್ಟುಗಳು. ನಡುವೆ ಎರಡು ಇಟ್ಟಿಗೆ, ಒಂದು ಮರದ ದಿಮ್ಮಿಯ ಆಸರೆಯಲ್ಲಿ ನಿಂತಿದೆ, ಬಿಎಸ್‌ಎ ಕಂಪನಿಯ ಎಂ20.

ಬಿಎಸ್‌ಎ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಸೈಕಲ್ಲು. ಮದ್ರಾಸಿನ ಟಿಐ ಕಂಪನಿ ಅದೇ ಹೆಸರಿನ ಸೈಕಲ್ಲುಗಳನ್ನು ಊರೂರಿಗೆ ತಲುಪಿಸಿತು. ಆದರೆ ಆ ಮೂರಕ್ಷರದ ಮೂಲ ಬರ್ಮಿಂಗ್‌ಹ್ಯಾಮಿನ ಬಂದೂಕು ಕಾರ್ಖಾನೆ. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಕೋವಿಗಳೇ ಅದರ ಗುರುತು. ಎರಡನೆಯ ಮಹಾಯುದ್ಧದಲ್ಲಿ ಈ ಕಾರ್ಖಾನೆಯಿಂದ ಹೊರಬಿದ್ದ ಎಂ20ಗಳ ಸಂಖ್ಯೆ ಸುಮಾರು 1,26,000. ಆಫ್ರಿಕದ ಮರಳಿಗೂ ಹೋದವು, ಇಂಡಿಯಾದ ದಂಡುಪ್ರದೇಶಗಳಿಗೂ ಬಂದವು. ಯುದ್ಧ ಮುಗಿದ ಮೇಲೆ ಸೇನೆ ಕೈಬಿಟ್ಟ ಗಾಡಿಗಳು ಖಾಸಗಿಯವರ ಪಾಲಾದವು. 496 ಸಿ.ಸಿ.ಯ ಒಂದೇ ಸಿಲಿಂಡರು, ಪಕ್ಕದಲ್ಲಿ ವಾಲ್ವು, ಹಿಂದೆ ಸ್ಪ್ರಿಂಗೇ ಇಲ್ಲದ ಗಟ್ಟಿ ಚಾಸಿ, ಮುಂದೆ ಗರ್ಡರ್ ಫೋರ್ಕು. ತಾಕತ್ತು ಹದಿಮೂರು ಕುದುರೆ, ತೂಕ ನೂರ ಅರವತ್ತು ಕೆಜಿಗೂ ಮೇಲೆ. ಓಡುವುದಕ್ಕಿಂತ ಹೆಚ್ಚಾಗಿ ದುಡಿಯುವುದಕ್ಕೆ ಹುಟ್ಟಿದ ಗಾಡಿ.

ಶೆಡ್ಡಿನ ಯಜಮಾನರು ಹತ್ತಿ ಗಿರಣಿಯಲ್ಲಿ ಫಿಟ್ಟರಾಗಿದ್ದವರು. ಮಾತು ಕಡಿಮೆ. ಟ್ಯಾಂಕಿನ ಮೇಲೆ ಒದ್ದೆ ಉಪ್ಪುಕಾಗದ ಆಡಿಸುತ್ತಾ ಕೂತವರು ನಮ್ಮನ್ನು ನೋಡಿ, "ಬರ್ರಿ, ಆ ಸ್ಟೂಲ್ ಎಳ್ಕಳ್ರಿ" ಅಂದದ್ದೇ ಸ್ವಾಗತ. ಕೆಂಪು ಬಣ್ಣ ಸವೆದಂತೆ ಅದರಡಿಯಿಂದ ಹಸಿರು, ಹಸಿರಿನಡಿಯಿಂದ ಮಣ್ಣುಗಂದು. ಪದರ ಸರಿದ ಜಾಗದಲ್ಲಿ ಮಾಸಲು ಬಿಳಿಯ ಒಂದು 'ಸಿ' ಅಕ್ಷರದ ಬೆನ್ನು ಮೂಡುತ್ತದೆ. ಬ್ರಿಟಿಷ್ ಸೇನೆಯ ಲೆಕ್ಕದಲ್ಲಿ ಮೋಟರ್ ಸೈಕಲ್ಲುಗಳ ನಂಬರು ಶುರುವಾಗುತ್ತಿದ್ದದ್ದು ಆ ಅಕ್ಷರದಿಂದ. ಅದು ಕಂಡ ಮೇಲೆ ಯಜಮಾನರ ಕೈ ನಿಧಾನವಾಗುತ್ತದೆ. ಅಂಕಿಗಳನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸಿಲ್ಲ.

ದಾರಿಯಲ್ಲಿ ಹೋಗುವವರು ಇಣುಕಿ, "ಮಿಲಿಟ್ರಿ ಬುಲೆಟ್ಟಾ ಯಜಮಾನ್ರೇ?" ಎಂದು ಕೇಳುವುದು ದಿನದ ಮಾತು. ಅವರ ತಪ್ಪೇನಿಲ್ಲ. 1950ರ ದಶಕದಲ್ಲಿ ನಮ್ಮ ಸೇನೆ 350 ಸಿ.ಸಿ.ಯ ಬುಲೆಟ್ ತರಿಸಿಕೊಂಡಿತು, 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು, ಅಲ್ಲಿಂದಾಚೆಗೆ ಸೇನೆ ಮತ್ತು ಬುಲೆಟ್ ಒಂದೇ ಉಸಿರಿನಲ್ಲಿ ಹೇಳುವ ಹೆಸರುಗಳಾದವು. ಬೆಂಗಳೂರಿನ ಎಎಸ್‌ಸಿ ಕೇಂದ್ರದ ಸೇನಾ ತಂಡ 'ಟಾರ್ನೆಡೋಸ್' 2017ರ ನವೆಂಬರಿನಲ್ಲಿ ಯಲಹಂಕದ ವಾಯುನೆಲೆಯಲ್ಲಿ ಒಂದೇ ಬೈಕಿನ ಮೇಲೆ 58 ಜನರನ್ನು ಹೊತ್ತು ದಾಖಲೆ ಮಾಡಿದ್ದೂ ರಾಯಲ್ ಎನ್‌ಫೀಲ್ಡಿನ ಮೇಲೆಯೇ. ಬುಲೆಟ್ಟಿಗೆ ಸಾಮಾನು ಬೇಕಿದ್ದರೆ ಪಿ.ಬಿ. ರಸ್ತೆಗೆ ಹೋಗಿ ಬಂದರೆ ಸಾಕು. ಅದರಿಂದ ಈ ಎಂ20ಗೂ ಒಂದು ಲಾಭವಾಯಿತು. ಎರಡರ ಚಕ್ರವೂ ಹತ್ತೊಂಬತ್ತು ಇಂಚಿನದು, ಟೈರೂ ಅದೇ ಮೂರೂಕಾಲು ಇಂಚಿನದು. ಹಾಗಾಗಿ ಇಡೀ ಗಾಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬಿಡಿಭಾಗ ಸಲೀಸಾಗಿ ಸಿಕ್ಕಿತು. ಕಾಡುತ್ತಿರುವುದು ಕಿರುಬೆರಳಿನಷ್ಟುದ್ದದ ಬೋಲ್ಟು.

ಆ ತಟ್ಟೆಯಿಂದ ಒಂದನ್ನು ಎತ್ತಿಕೊಳ್ಳಿ. ದಪ್ಪ ಐದು ಹದಿನಾರಾಂಶ ಇಂಚು, ಅಂದರೆ 7.94 ಮಿಲಿಮೀಟರು. ಅಂಗಡಿಯಲ್ಲಿ ಸಿಗುವ ಎಂಟು ಮಿಲಿಮೀಟರಿನ ಬೋಲ್ಟಿಗೂ ಇದಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸವೇ ಕಾಣದು. ಆದರೆ ಎಂಟರ ಬೋಲ್ಟಿಗೆ ಇಂಚೊಂದಕ್ಕೆ ಇಪ್ಪತ್ತು ಚಿಲ್ಲರೆ ಸುತ್ತಾದರೆ, ಇದಕ್ಕೆ ಇಪ್ಪತ್ತಾರು. ನಟ್ಟು ಒಂದೆರಡು ಸುತ್ತು ನಯವಾಗಿ ಏರಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಅವಸರದವರು ಪಾನಾ ಹಾಕಿ ಒತ್ತುತ್ತಾರೆ, ಥ್ರೆಡ್ಡು ಎದ್ದುಹೋಗುತ್ತದೆ. ಈ ಎಂ20ಯ ಒಡಲಲ್ಲಿ ಅಂಥ ಅವಸರದ ಗುರುತುಗಳು ಬೇಕಾದಷ್ಟಿವೆ. ಯಜಮಾನರು ಬೈಯುವುದು ತುಕ್ಕನ್ನಲ್ಲ, ಆ ಕೈಗಳನ್ನು.

ಇಂಚಿಗೆ ಇಪ್ಪತ್ತಾರು ಸುತ್ತಿನ ಈ ಅಳತೆಗೆ ಸೈಕಲ್ ಥ್ರೆಡ್ ಅಂತಲೇ ಹೆಸರು. ಗಾಡಿಯ ಚಾಸಿಗೆ, ಫೋರ್ಕಿಗೆ, ಮಡ್‌ಗಾರ್ಡಿನ ಕಡ್ಡಿಗಳಿಗೆ ಇದು. ಅಲ್ಯೂಮಿನಿಯಮ್ಮಿನ ಎಂಜಿನ್ ಹೊಟ್ಟೆಯೊಳಗೆ ಕೂರುವ ಸ್ಟಡ್ಡುಗಳದು ಇನ್ನೊಂದು ಜಾತಿ: ಜೋಸೆಫ್ ವಿಟ್‌ವರ್ತ್ 1841ರಲ್ಲಿ ನಿಗದಿ ಮಾಡಿದ ಒರಟು ಸುತ್ತು, ಅದೇ ದಪ್ಪಕ್ಕೆ ಇಂಚಿಗೆ ಹದಿನೆಂಟು. ವೈರು ಹಿಡಿಯುವ ಸಣ್ಣ ಸ್ಕ್ರೂಗಳದು ಮೂರನೆಯ ಜಾತಿ, ಬಿಎ. ಸುತ್ತಿನ ಕೋನವೂ ಬೇರೆ ಬೇರೆ, ಒಂದಕ್ಕೆ 60 ಡಿಗ್ರಿ, ಒಂದಕ್ಕೆ 55, ಒಂದಕ್ಕೆ 47.5. ಬರ್ಮಿಂಗ್‌ಹ್ಯಾಮಿನವರಿಗೆ ಇದೆಲ್ಲ ಸಹಜವಾಗಿತ್ತೇನೋ, ಇವತ್ತು ರಿಪೇರಿಗೆ ಕೂತವನಿಗೆ ಒಂದೇ ಮನೆಯಲ್ಲಿ ಮೂರು ಭಾಷೆಯವರನ್ನು ಸಂಭಾಳಿಸಿದ ಹಾಗೆ.

ಹುಡುಕಾಟ ಶುರುವಾಗುವುದು ಸೈಕಲ್ ಅಂಗಡಿಯಿಂದ. ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಹಳೇ ಮಾದರಿಯ ದೊಡ್ಡ ಸೈಕಲ್ಲಿನ ಮುಂದಿನ ಚಕ್ರದ ಅಚ್ಚಿಗೆ ಇವತ್ತಿಗೂ ಇದೇ ಐದು ಹದಿನಾರಾಂಶ, ಇದೇ ಇಪ್ಪತ್ತಾರು ಸುತ್ತು. ಹಿಂದಿನದಕ್ಕೆ ಮೂರು ಎಂಟಾಂಶ, ಅದಕ್ಕೂ ಇಪ್ಪತ್ತಾರೇ. ಯಜಮಾನರು ಹಳೇ ಪೇಟೆಯ ಕಡೆ ಒಂದು ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕೂತು, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ನಟ್ಟುಗಳನ್ನು ಪೇಪರಿನ ಮೇಲೆ ಸುರಿದುಕೊಂಡು, ಜೇಬಿನಿಂದ ತೆಗೆದ ಮಾದರಿ ಬೋಲ್ಟಿಗೆ ಒಂದೊಂದನ್ನೇ ಬೆರಳ ತುದಿಯಲ್ಲಿ ತಿರುಗಿಸಿ ನೋಡುವುದನ್ನು ನೀವು ನೋಡಬೇಕು. ಕಿವಿಗೆ ಕೇಳಿಸದಷ್ಟು ಸಣ್ಣ ಚಿರ್ರೆನ್ನುವ ಸದ್ದಿಗೆ ಅವರ ಹುಬ್ಬು ಏರುತ್ತದೆ. ಹೊಂದಿದ್ದು ಬಲಕ್ಕೆ, ಹೊಂದದ್ದು ಎಡಕ್ಕೆ. "ತಗೊಳ್ರಿ, ಹಳೇವು ಮಸ್ತು ಅದಾವು" ಎನ್ನುವ ಅಂಗಡಿಯಾತ ಹಿಡಿಗಟ್ಟಲೆ ನಟ್ಟಿಗೆ ಕೇಳುವ ದುಡ್ಡು ಒಂದು ಬೆಣ್ಣೆ ದೋಸೆಗಿಂತ ಕಡಿಮೆ. ಆದರೆ ಈ ನಟ್ಟುಗಳದು ಮೆದು ಕಬ್ಬಿಣ. ಮಡ್‌ಗಾರ್ಡಿಗೆ, ನಂಬರ್ ಪ್ಲೇಟಿಗೆ ಸರಿ. ಬ್ರೇಕು, ಫೋರ್ಕು, ಚಕ್ರ ಹಿಡಿಯುವ ಜಾಗಕ್ಕೆ ಇವನ್ನು ಹಾಕುವುದು ಜೀವದ ಜೊತೆ ಆಟ.

ಕೆಲವಕ್ಕೆ ಊರೊಳಗೇ ಕೈಗಳಿವೆ. ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ, ವಾರ್ನಿಷಿನ ಘಾಟು ವಾಸನೆಯ ನಡುವೆ, ಆರು ವೋಲ್ಟಿನ ಡೈನಮೋ ಸುತ್ತಿಕೊಡಲು ಒಪ್ಪಿದ್ದಾರೆ. ಮ್ಯಾಗ್ನೆಟೋದ ಒಳಗಿನ ಕೂದಲೆಳೆಯಂಥ ತಂತಿಗೆ ಮಾತ್ರ ತಲೆ ಅಲ್ಲಾಡಿಸಿದರು. ಪೆಟ್ರೋಲ್ ನಲ್ಲಿಯೊಳಗಿನ ಕಾರ್ಕು ಒಣಗಿ ಸೊರಗಿತ್ತು. ಅದಕ್ಕೆ ಬಾಟಲಿಯ ಬಿರಡೆಯನ್ನೇ ಬ್ಲೇಡಿನಲ್ಲಿ ಕೆತ್ತಿ, ಬಿಸಿನೀರಿನಲ್ಲಿ ಉಬ್ಬಿಸಿ ಕೂರಿಸಿದರು. ಹಿಂಬದಿಯ ಕ್ಯಾನ್ವಾಸ್ ಚೀಲಗಳನ್ನು ತಾಡಪತ್ರೆ ಹೊಲಿಯುವಾತ, "ಮಿಲಿಟ್ರಿದಾ? ಹಂಗಾದ್ರ ಡಬ್ಬಲ್ ಹೊಲಿಗಿ ಹಾಕ್ತೀನ್ರಿ" ಎಂದು ಖುಷಿಯಿಂದ ಹೊಲಿದುಕೊಟ್ಟ.

ಹ್ಯಾಂಡಲ್ಲಿನ ಹಿಡಿಗಳಿಗೆ ರಬ್ಬರು ಹುಡುಕೋಣವೆಂದರೆ ಯಜಮಾನರು ಬೇಡವೆಂದರು. 1942ರ ಶುರುವಿನಲ್ಲಿ ಜಪಾನಿನವರು ಮಲಯಾ, ಸಿಂಗಪುರ ಹಿಡಿದುಕೊಂಡಾಗ ಬ್ರಿಟಿಷರಿಗೆ ರಬ್ಬರಿನ ಬರ ಬಿತ್ತು. ಎಂ20ಯ ಹಿಡಿಗಳಿಗೆ ರಬ್ಬರು ಹೋಗಿ ಕ್ಯಾನ್ವಾಸ್ ಬಂತು, ಕಾಲಿಡುವ ಕಡ್ಡಿ ಬರಿ ಉಕ್ಕಿನದಾಯಿತು. ಈ ಗಾಡಿಯ ಕಾಲುಕಡ್ಡಿಯೂ ಹುಟ್ಟಾ ಬರಿಗಾಲಿನದೇ. ಅಲ್ಲಿಗೆ ಒಳ್ಳೆ ರಬ್ಬರು ತೊಡಿಸಿದರೆ ಚಂದ ಕಾಣುತ್ತದೆ, ಸುಳ್ಳಾಗುತ್ತದೆ. ಹೊಳೆಯುವ ಕ್ರೋಮು, ಕನ್ನಡಿಯಂಥ ಬಣ್ಣ ಹೊಡೆಸಿ ಮೆರವಣಿಗೆಗೆ ತರುವ ಯುದ್ಧದ ಗಾಡಿಗಳನ್ನು ಕಂಡರೆ ನನಗೂ ಇರುಸುಮುರುಸು. ಬಡತನದಲ್ಲಿ ಹುಟ್ಟಿದ್ದಕ್ಕೆ ಜರತಾರಿ ಯಾಕೆ?

ಉಳಿದದ್ದು ಗಟ್ಟಿ ಬೋಲ್ಟು, ಸ್ಟಡ್ಡು, ಫೋರ್ಕಿನ ಅಚ್ಚು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ದಿಲ್ಲಿಯ ಕರೋಲ್‌ಬಾಗ್ ಎಂದು ಬಲ್ಲವರು ಹೆಸರು ಹೇಳುತ್ತಾರೆ. ಇಂಗ್ಲೆಂಡಿನಿಂದ ಅಂಚೆಯಲ್ಲಿ ತರಿಸುವವರೂ ಇದ್ದಾರೆ, ಬೋಲ್ಟಿಗಿಂತ ಅಂಚೆ ಮತ್ತು ಸುಂಕ ಭಾರ. ಯಜಮಾನರು ಮಾತ್ರ ಮಾದರಿಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಹರಿಹರದ ಬಸ್ಸು ಹತ್ತುತ್ತಾರೆ. ಹದಿನಾಲ್ಕು ಕಿಲೋಮೀಟರು. ಎಡಬಲಕ್ಕೆ ಭತ್ತದ ಗದ್ದೆ, ಅಕ್ಕಿ ಗಿರಣಿಯ ತೌಡಿನ ವಾಸನೆ, ಸಮೀಪಿಸಿದಂತೆ ತುಂಗಭದ್ರೆಯ ಕಡೆಯಿಂದ ಬರುವ ತಂಪು.

ಹೊರಗಿನವರಿಗೆ ಹರಿಹರವೆಂದರೆ 1224ರ ಹರಿಹರೇಶ್ವರ ದೇವಾಲಯ. ಲೇತ್ ಬಲ್ಲವರಿಗೆ ಅದು ಯಂತ್ರಪುರ. ಹೊಳೆಯಾಚೆ ಮುಂಬೈ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ ಇದ್ದ ಕಾಲದಲ್ಲಿ, 1941ರಲ್ಲಿ, ಇಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಲೇತ್ ಯಂತ್ರ ಮಾಡುವುದೇ ಅದರ ಕಸುಬು. ಈ ಎಂ20 ಬರ್ಮಿಂಗ್‌ಹ್ಯಾಮಿನಲ್ಲಿ ಜೋಡಣೆಯಾಗುತ್ತಿದ್ದ ಯುದ್ಧದ ವರ್ಷಗಳಲ್ಲೇ ಇಲ್ಲಿ ಲೇತಿನ ಹಾಸುಗಳು ಎರಕಗೊಳ್ಳುತ್ತಿದ್ದವು. ಕಿರ್ಲೋಸ್ಕರ್ ಮನೆತನದ ಉದ್ಯಮದ ಮೊದಲ ಮೆಟ್ಟಿಲಾದರೂ ಏನು? ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿ. ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯಿತು. ಯಂತ್ರಗಳು ಸಾಯಲಿಲ್ಲ, ಸಣ್ಣ ಸಣ್ಣ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ.

ಅಂಥದೊಂದು ಶೆಡ್ಡಿನ ಮುಂದೆ ನಿಲ್ಲಿ. ಹಾಲಿನಂಥ ಕೂಲಂಟ್ ನೀರು ತೊಟ್ಟಿಕ್ಕುವ ಸದ್ದು, ಬೆಲ್ಟಿನ ಪಟಪಟ, ನೆಲದ ಮೇಲೆ ನೀಲಿಗಟ್ಟಿ ಸುರುಳಿಯಾದ ಕಬ್ಬಿಣದ ಸಿಪ್ಪೆ. ಕನ್ನಡಕವನ್ನು ಹಣೆಗೆ ಏರಿಸಿಕೊಂಡ ಟರ್ನರು ಕಾರ್ಖಾನೆಯಲ್ಲೇ ಕೆಲಸ ಕಲಿತವರು. ಗಂಟು ಬಿಚ್ಚುವ ಮೊದಲೇ, "ಮತ್ತೆ ಅದೇ ಯುದ್ಧದ ಗಾಡೀದೇನ್ರೀ?" ಎಂದು ನಕ್ಕರು. ಒಂದು ಬೋಲ್ಟನ್ನು ಎತ್ತಿ, ಥ್ರೆಡ್ ಗೇಜಿನ ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಬೆಳಕಿಗೆ ಹಿಡಿದು ಒಂದೊಂದನ್ನೇ ಒತ್ತಿ ನೋಡಿದರು. ಸಂದಿನಲ್ಲಿ ಬೆಳಕು ನುಸುಳಿದರೆ ಅಲ್ಲ, ನುಸುಳದಿದ್ದರೆ ಹೌದು. "ಇಪ್ಪತ್ತಾರು."

ಈ ಲೇತಿನ ಲೀಡ್ ಸ್ಕ್ರೂ ಇಂಚಿನ ಕಾಲದ್ದು, ಇಂಚಿಗೆ ನಾಲ್ಕು ಸುತ್ತು. ನಮ್ಮ ದೇಶ ಮೆಟ್ರಿಕ್ ಅಳತೆಗೆ ಹೊರಳಿದ್ದು 1956ರ ಕಾಯ್ದೆಯಿಂದಾಚೆಗೆ. ಅದಕ್ಕೂ ಮುಂಚಿನ ಯಂತ್ರವಾದ್ದರಿಂದ ಇಂಗ್ಲಿಷ್ ಬೋಲ್ಟು ಅದಕ್ಕೆ ಪರಕೀಯವಲ್ಲ. ಆದರೆ ನಾಲ್ಕರಿಂದ ಇಪ್ಪತ್ತಾರು ಹೊರಡಿಸಬೇಕಾದರೆ ಹದಿಮೂರರ ಮಗ್ಗಿಯಲ್ಲಿ ಬರುವ ಗಾಲಿಯೊಂದು ಬೇಕೇಬೇಕು. ಟರ್ನರು ಮೂಲೆಯ ಪೆಟ್ಟಿಗೆಯನ್ನು ಎಳೆದು, ಗ್ರೀಸು ಮೆತ್ತಿದ ಗಾಲಿಗಳ ನಡುವಿನಿಂದ ಅರವತ್ತೈದು ಹಲ್ಲಿನದನ್ನು ಹೆಕ್ಕಿ, ಬಟ್ಟೆಯಲ್ಲಿ ಒರೆಸಿದರು. ಇಪ್ಪತ್ತಕ್ಕೆ ಅರವತ್ತೈದು, ಮೂವತ್ತಕ್ಕೆ ಅರವತ್ತು. ಲೆಕ್ಕ ಕಾಗದದ ಮೇಲೆ ಬರೆಯಲೇ ಇಲ್ಲ.

ಇಎನ್ 8 ಉಕ್ಕಿನ ಸರಳು ಚಕ್ಕಿನಲ್ಲಿ ಕೂತಿತು. 60 ಡಿಗ್ರಿಗೆ ಸಾಣೆ ಹಿಡಿದ ಟೂಲು ಮೊದಲ ಸಲ ಸವರಿದಾಗ ಬಿದ್ದದ್ದು ಗೀರು ಮಾತ್ರ. ಅದರ ಮೇಲೆ ಗೇಜು ಇಟ್ಟು ನೋಡಿ, ಹ್ಞೂಂ ಎಂದು, ಮತ್ತೆ ಸವರಿದರು, ಮತ್ತೆ. ಒಟ್ಟು ಆಳ ಅರ್ಧ ಮಿಲಿಮೀಟರು, ಅದಕ್ಕೆ ಅದೆಷ್ಟೋ ಸಲದ ಓಟ. ಕೊನೆಯ ಓಟಗಳಲ್ಲಿ ಅವರು ನೋಡುತ್ತಿದ್ದದ್ದು ಬೋಲ್ಟನ್ನಲ್ಲ, ಸಿಪ್ಪೆಯನ್ನು. ಅದು ಕೂದಲಿನಷ್ಟು ತೆಳುವಾದಾಗ ಹ್ಯಾಂಡಲ್ ಬಿಟ್ಟರು. ಹಳೆಯ ನಟ್ಟು ಬೆರಳಿನಿಂದಲೇ ಏರಿತು, ಅಲುಗಾಡದೆ ಕೂತಿತು. ಫೋರ್ಕಿನ ಅಚ್ಚುಗಳಿಗೆ ಇಎನ್ 24 ಬೇಕು, ಅದರ ಬುಷ್ಷಿಗೆ ಗನ್‌ಮೆಟಲ್, ಅದು ಮುಂದಿನ ವಾರ ಎಂದು ತೀರ್ಮಾನವಾಯಿತು.

ದೊಡ್ಡ ಸಿಎನ್‌ಸಿ ಶಾಪುಗಳು ಇದೇ ಬೋಲ್ಟನ್ನು ಇನ್ನೂ ಚಂದವಾಗಿ ಮಾಡಬಲ್ಲವು, ಆದರೆ ಸಾವಿರ ಕೊಟ್ಟರೆ ಮಾತ್ರ. ಒಂದೇ ಒಂದು ಬೋಲ್ಟಿಗೆ ಯಂತ್ರ ನಿಲ್ಲಿಸಿ ಗಾಲಿ ಬದಲಿಸುವ ಟರ್ನರುಗಳು ಹರಿಹರದಲ್ಲೂ ಕಡಿಮೆಯಾಗುತ್ತಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ 'ವಿಎ' ಸರಣಿಯ ಪ್ರತ್ಯೇಕ ನಂಬರು ತಂದಿತು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಚಾಸಿ ಎಂಜಿನ್ನುಗಳ ಮೂಲರೂಪ ಕೆಡಿಸಿರಬಾರದೆಂಬ ಷರತ್ತು. ಒಳ್ಳೆಯದೇ. ಆದರೆ ಮೂಲರೂಪ ಉಳಿಸಿಕೊಡುವ ಕೈ ಯಾವ ಸರಣಿಯಲ್ಲೂ ನೋಂದಣಿಯಾಗುವುದಿಲ್ಲ.

"ಎಷ್ಟಾತ್ರೀ?" ಎಂದರು ಯಜಮಾನರು.

"ಅಚ್ಚು ಆಗ್ಲಿ, ಒಟ್ಟಿಗೆ ನೋಡಾಣ. ಈ ಅರವತ್ತೈದರ ಗಾಲಿ ಬಿಚ್ಚಲ್ಲ, ಹಂಗೇ ಇರ್ಲಿ. ಉಳಿದ ಮಾದರಿ ಇಲ್ಲೇ ಬಿಟ್ಟು ಹೋಗ್ರಿ. ಬರೋವಾಗ ನಲವತ್ತೇಳೂವರೆ ಡಿಗ್ರಿಯ ಆ ಸಣ್ಣ ಸ್ಕ್ರೂನೂ ತಗೊಂಬರ್ರಿ. ಅದೊಂದು ನನಗೆ ಇನ್ನೂ ಸರಿಯಾಗಿ ಕುಂತಿಲ್ಲ."