ಯಜಮಾನರ ದೇಹಭಾರವೂ ರಾಗಿಮುದ್ದೆಯೂ

ಉಳುಮೆಯನ್ನು ಟ್ರಾಕ್ಟರಿಗೂ ಹೊಲದ ದಾರಿಯನ್ನು ಮೋಟಾರ್ ಸೈಕಲ್ಲಿಗೂ ಒಪ್ಪಿಸಿದ ಭೂಮಾಲೀಕರ ದೇಹಶ್ರಮವು ಕುಗ್ಗಿದ್ದು, ಊಟವು ಮಾತ್ರ ಹಿಂದಿನ ಅಳತೆಯಲ್ಲಿಯೇ ನಡೆದಿರುವುದು. ಸೊಂಟದ ಸುತ್ತ ಶೇಖರವಾಗುವ ಕೊಬ್ಬು ಸಕ್ಕರೆಕಾಯಿಲೆಗೂ ರಕ್ತದ ಒತ್ತಡಕ್ಕೂ ದಾರಿಮಾಡುವುದು.

ಅನ್ನವನ್ನು ಬಿಟ್ಟು ರಾಗಿಗೆ ತಿರುಗಿದರೆ ಸಾಕೆಂಬ ನಂಬಿಕೆಯುಂಟು. 100 ಗ್ರಾಂ ರಾಗಿಯಲ್ಲಿ ನಾರಿನಂಶವು ಸುಮಾರು 11 ಗ್ರಾಂ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಆದಕಾರಣ ರಾಗಿಯುಂಡವನಿಗೆ ಬೇಗನೆ ಹಸಿವಾಗದು. ಆದರೆ ಶಾಖಶಕ್ತಿಯು ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ 356 ಕ್ಯಾಲೊರಿ. ಮೂರನೆಯ ಮುದ್ದೆಯನ್ನು ನುಂಗುವವರಿಗೆ ಈ ಉಳಿತಾಯವು ಎಲ್ಲಿ ನಿಂತೀತು? ಮುದ್ದೆಯನ್ನು ಕಿರಿದುಮಾಡಿ ಸೊಪ್ಪು, ಹುರುಳಿಗಳನ್ನು ಹೆಚ್ಚಿಸತಕ್ಕದ್ದು.

ವಾರಕ್ಕೆ 150 ನಿಮಿಷವಾದರೂ ನಡಿಗೆಯಂತಹ ಶ್ರಮವಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾಹನವನ್ನು ಮನೆಯಲ್ಲಿಯೇ ಬಿಟ್ಟು, ವಾರದಲ್ಲಿ ಐದು ದಿನ ಅರ್ಧ ಗಂಟೆ ಬದುಗಳ ಮೇಲೆ ಬಿರುಸಾಗಿ ನಡೆದರೆ ಅಷ್ಟು ಪೂರೈಸುವುದು; ಪೈರಿಗೆ ತಗುಲಿದ ರೋಗವೂ ಕಣ್ಣಿಗೆ ಬೀಳುವುದು.